ಮೀನಿಗೂ ಹೇನು ಹತ್ತುತ್ತದೆ: ಮೊದಲು ನೋಡಿ, ಆಮೇಲೆ ಮದ್ದು ಹಾಕಿ

(ಮೀನು ಸಾಕುವ ರೈತರ ಶಿಬಿರದಲ್ಲಿ ಮಾಡಿದ ಭಾಷಣ)



ಮನೆಯ ಎತ್ತು ಒಂದು ಹೊತ್ತು ಮೇವು ಬಿಟ್ಟರೆ ನಿಮಗೆ ನಿದ್ದೆ ಬರುವುದಿಲ್ಲ. ಹತ್ತಿರ ಹೋಗಿ ಮೂತಿ ಮುಟ್ಟಿ ನೋಡುತ್ತೀರಿ, ಕಿವಿ ಹಿಡಿದು ನೋಡುತ್ತೀರಿ, ಬಾಲ ಎತ್ತಿ ನೋಡುತ್ತೀರಿ. ಕಿವಿಯ ಹಿಂದೆ ಉಣ್ಣೆ ಇದ್ದರೆ ಕಿತ್ತು ಬೆಂಕಿಗೆ ಹಾಕುತ್ತೀರಿ. ಇದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕೆರೆಗೋ ಕೃಷಿಹೊಂಡಕ್ಕೋ ಬಿಟ್ಟ ಮೀನಿನ ವಿಷಯದಲ್ಲಿ ನಾವು ಹಾಗೆ ನಡೆದುಕೊಳ್ಳುವುದಿಲ್ಲ. ಮೀನು ನೀರಿನೊಳಗೆ ಇರುವ ಪ್ರಾಣಿ. ಅದರ ಮೈಯಲ್ಲಿ ಏನಾಗಿದೆ ಎಂಬುದು ದಡದ ಮೇಲೆ ನಿಂತವನಿಗೆ ಕಾಣುವುದಿಲ್ಲ. ಸತ್ತು ತೇಲಿದಾಗ ಮಾತ್ರ ಕಾಣುತ್ತದೆ. ಆಗ ನಾವು ಓಡುವುದು ಔಷಧಿ ಅಂಗಡಿಗೆ.

"ಮೀನು ಸಾಯುತ್ತಿವೆ, ಯಾವ ಔಷಧಿ ಹಾಕಬೇಕು?" ಎಂಬ ಪ್ರಶ್ನೆಯನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ನಾನು ತಿರುಗಿ ಕೇಳುವುದು ಒಂದೇ ಮಾತು: "ಮೀನನ್ನು ಹಿಡಿದು ನೋಡಿದಿರಾ? ಏನು ಕಂಡಿತು?" ಬಹಳ ಮಂದಿ ನೋಡಿರುವುದಿಲ್ಲ. ಆದುದರಿಂದ ಈ ಹೊತ್ತು ನಾನು ಹೇಳಬೇಕೆಂದಿರುವುದು ಮೂರು ಕೆಲಸಗಳ ವಿಷಯ. ಮೊದಲನೆಯದು ನೋಡುವುದು. ಎರಡನೆಯದು ನೀರನ್ನು ಅಳೆಯುವುದು. ಮೂರನೆಯದು ತಕ್ಕ ಮದ್ದನ್ನು ತಕ್ಕ ದಿನದಲ್ಲಿ ಕೊಡುವುದು. ಈ ಮೂರರಲ್ಲಿ ಯಾವುದನ್ನು ಬಿಟ್ಟರೂ ಉಳಿದ ಎರಡು ವ್ಯರ್ಥ.

ಬೆಳೆಯ ವಿಷ ಮೀನಿಗೆ ಮದ್ದಲ್ಲ

ಒಬ್ಬ ರೈತರ ಹೊಂಡದಲ್ಲಿ ರೋಹು ಮೀನುಗಳು ಹಗಲೆಲ್ಲ ನೀರಿನಿಂದ ಚಿಮ್ಮಿ ಚಿಮ್ಮಿ ಬೀಳುತ್ತಿದ್ದವು, ಕಲ್ಲಿಗೆ ಮೈ ಉಜ್ಜುತ್ತಿದ್ದವು. ಮೀನಿಗೆ ಹುಳು ಬಿದ್ದಿದೆ ಎಂದು ಅವರು ಊಹಿಸಿದರು. ಊಹೆ ಸರಿಯಾಗಿಯೇ ಇತ್ತು. ಆದರೆ ಹುಳುವಿಗೆ ಹುಳುವಿನ ಔಷಧಿ ಎಂದು ಬೆಳೆಗೆ ಸಿಂಪಡಿಸಿ ಉಳಿದಿದ್ದ ಕೀಟನಾಶಕವನ್ನು ಅಂದಾಜಿನಿಂದ ಹೊಂಡಕ್ಕೆ ಸುರಿದರು. ಮರುದಿನ ಬೆಳಗ್ಗೆ ಹೊಂಡದ ತುಂಬ ಬೆಳ್ಳಗೆ ಹೊಟ್ಟೆ ಮೇಲಾದ ಮೀನುಗಳು. ವರ್ಷದ ದುಡಿಮೆ ಒಂದು ರಾತ್ರಿಯಲ್ಲಿ ಹೋಯಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಇನ್ನೊಂದು ಸಂಗತಿ ಕೇಳಿ. ಆ ಹೊಂಡದಲ್ಲಿ ನೆಟ್ಟಿದ್ದ ಗಳಗಳಿಗೆ ಅಂಟಿದ್ದ ಹೇನಿನ ಮೊಟ್ಟೆಗಳಿಗೆ ಏನೂ ಆಗಿರಲಿಲ್ಲ. ಮೀನು ಸತ್ತಿತು, ರೋಗದ ಬೀಜ ಉಳಿಯಿತು.

ಹಿಂದಿನ ಕಾಲದಲ್ಲಿ ಮೀನಿನ ಹೇನಿಗೆ ಗೆಮ್ಮಾಕ್ಸಿನ್ ಪುಡಿಯನ್ನು ಹಾಕಿ ಎಂದು ಪುಸ್ತಕಗಳಲ್ಲೇ ಬರೆಯುತ್ತಿದ್ದರು. ಅದು ಬಿ.ಎಚ್.ಸಿ. ಎಂಬ ವಿಷ. ನೆಲದಲ್ಲಿ, ನೀರಿನಲ್ಲಿ, ಮೀನಿನ ಕೊಬ್ಬಿನಲ್ಲಿ ಬಹುಕಾಲ ಉಳಿಯುವಂಥದು. 1997ರಲ್ಲಿ ಸರಕಾರ ಅದನ್ನು ನಿಷೇಧಿಸಿತು. ಆಮೇಲೆ ಡೈಕ್ಲೋರ್‌ವಾಸ್, ಟ್ರೈಕ್ಲೋರ್‌ಫಾನ್ ಎಂಬ ವಿಷಗಳ ಬಳಕೆ ನಡೆಯಿತು. ಇವೆರಡನ್ನೂ 2018ರ ಆಜ್ಞೆಯಂತೆ 2020ರ ಡಿಸೆಂಬರ್ 31ರಿಂದ ನಿಲ್ಲಿಸಲಾಗಿದೆ. ಹಳೆಯ ಪುಸ್ತಕ ನೋಡಿ, ಹಳಬರ ಮಾತು ಕೇಳಿ, ಮೂಲೆಯಲ್ಲಿ ಬಿದ್ದ ಹಳೆಯ ಡಬ್ಬಿಯನ್ನು ಯಾರೂ ನೀರಿಗೆ ತೆಗೆಯಕೂಡದು. ಆ ನೀರನ್ನು ನಿಮ್ಮ ದನ ಕುಡಿಯುತ್ತದೆ. ಆ ಮೀನನ್ನು ನಿಮ್ಮ ಮಕ್ಕಳು ತಿನ್ನುತ್ತಾರೆ.

ರೋಗವೋ, ಉಸಿರಿನ ಕಷ್ಟವೋ?

ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದೆ ಎಂದ ಮಾತ್ರಕ್ಕೆ ಅದು ರೋಗವೆಂದು ತಿಳಿಯಬಾರದು. ನೀರಿನಲ್ಲಿ ಕರಗಿದ ಆಮ್ಲಜನಕ ಕಡಮೆಯಾದರೂ ಮೀನು ಹಾಗೆಯೇ ಮಾಡುತ್ತದೆ. ಇವೆರಡನ್ನು ಬೇರೆ ಮಾಡಿ ತಿಳಿಯುವ ಉಪಾಯ ಸುಲಭ. ಗಡಿಯಾರವನ್ನೂ ಸೂರ್ಯನನ್ನೂ ನೋಡಿ.

ಕೋಳಿ ಕೂಗುವ ಹೊತ್ತಿನಲ್ಲಿ ಹೊಂಡದ ಮೀನುಗಳೆಲ್ಲ ಒಟ್ಟಿಗೆ ಮೇಲೆ ಬಂದು ಗುಟುಕರಿಸುತ್ತಿದ್ದು, ಬಿಸಿಲೇರಿದ ಮೇಲೆ ತಾವಾಗಿ ಕೆಳಗಿಳಿದರೆ ಅದು ಉಸಿರಿನ ಕಷ್ಟ. ರಾತ್ರಿಯೆಲ್ಲ ನೀರಿನ ಪಾಚಿಯೂ ಮೀನೂ ಆಮ್ಲಜನಕವನ್ನು ಬಳಸುತ್ತವೆ. ಹಗಲಿನಲ್ಲಿ ಬಿಸಿಲಿಗೆ ಪಾಚಿ ಅದನ್ನು ಮತ್ತೆ ಉಂಟುಮಾಡುತ್ತದೆ. ಆದುದರಿಂದಲೇ ಬೆಳಗಿನ ಜಾವ ಕಷ್ಟದ ಹೊತ್ತು. ಇದಕ್ಕೆ ಹುಳುವಿನ ಮದ್ದು ಬೇಕಿಲ್ಲ. ಅಂದು ಆಹಾರ ಹಾಕಬೇಡಿ, ಸಗಣಿ ಗೊಬ್ಬರ ನಿಲ್ಲಿಸಿ, ಹೊಸ ನೀರು ಬಿಡಿ, ಪಂಪಿನಿಂದ ಅದೇ ನೀರನ್ನು ಮೇಲೆತ್ತಿ ಚಿಮ್ಮಿಸಿ.

ಆದರೆ ಬಿಸಿಲೇರಿದ ಮೇಲೂ ಕೆಲವು ಮೀನುಗಳು ದಡದ ಬಳಿ ಮಂಕಾಗಿ ನಿಂತಿದ್ದರೆ, ಗುಂಪಿನಿಂದ ಬೇರೆಯಾಗಿದ್ದರೆ, ನೀರು ಬೀಳುವ ಕಡೆಯೇ ಕೂಡಿಕೊಂಡಿದ್ದರೆ, ಕಲ್ಲಿಗೋ ಗಳಕ್ಕೋ ಮೈ ಉಜ್ಜಿ ಪಕ್ಕಕ್ಕೆ ಹೊರಳಿ ಮಿಂಚುತ್ತಿದ್ದರೆ, ಹಾಕಿದ ತಿಂಡಿ ಉಳಿಯುತ್ತಿದ್ದರೆ ಆಗ ಮೈಗೆ ಏನೋ ಹತ್ತಿದೆ ಎಂದು ಸಂಶಯಪಡಬೇಕು. ಬಲೆ ತೆಗೆಯಬೇಕು.

ಹಿಡಿದು ನೋಡುವ ಕ್ರಮ

ಬೆಳಗಿನ ತಂಪಿನಲ್ಲಿ ಬೀಸುಬಲೆ ಹಾಕಿ ಹತ್ತು ಹನ್ನೆರಡು ಮೀನು ಹಿಡಿಯಿರಿ. ಚೆನ್ನಾಗಿ ಈಜುವ ಮೀನೂ ಇರಲಿ, ಮಂಕಾದ ಮೀನೂ ಇರಲಿ. ಸತ್ತು ತೇಲಿದ ಮೀನನ್ನು ಮಾತ್ರ ನೆಚ್ಚಬೇಡಿ. ಮೀನು ಸತ್ತ ಕೂಡಲೇ ಹೇನು ಅದನ್ನು ಬಿಟ್ಟು ಬೇರೆ ಮೀನನ್ನು ಹುಡುಕಿಕೊಂಡು ಹೋಗುತ್ತದೆ. ಸತ್ತ ಮೀನು ನೋಡಿದವನಿಗೆ ಕಳ್ಳ ಓಡಿಹೋದ ಮೇಲಿನ ಮನೆ ಸಿಕ್ಕುತ್ತದೆ, ಕಳ್ಳ ಸಿಕ್ಕುವುದಿಲ್ಲ.

ಬಿಳಿಯ ಬೇಸಿನ್ ಒಂದರಲ್ಲಿ ಹೊಂಡದ ನೀರನ್ನೇ ಹಾಕಿ, ಅದರಲ್ಲಿ ಮೀನನ್ನು ಬಿಡಿ. ಕೈಯನ್ನು ಒದ್ದೆ ಮಾಡಿಕೊಂಡೇ ಮೀನನ್ನು ಮುಟ್ಟತಕ್ಕದ್ದು. ಒಣಗಿದ ಕೈ ಮೀನಿನ ಮೈಯ ಲೋಳೆಯನ್ನು ಕಿತ್ತುಬಿಡುತ್ತದೆ. ಆ ಲೋಳೆಯೇ ಅದರ ಕಂಬಳಿ. ಅನಂತರ ಈ ನಾಲ್ಕು ಜಾಗಗಳನ್ನು ಒಂದಾದ ಮೇಲೊಂದರಂತೆ ನೋಡಿ: ಬೆನ್ನು ಮತ್ತು ಪಕ್ಕೆಯ ಹುರುಪೆಗಳು, ಈಜುರೆಕ್ಕೆಗಳ ಬುಡ, ಬಾಯಿ ಮತ್ತು ಕಣ್ಣಿನ ಸುತ್ತ, ಕೊನೆಗೆ ಕಿವಿರಿನ ಮುಚ್ಚಳವನ್ನು ಮೆಲ್ಲಗೆ ಎತ್ತಿ ಒಳಗೆ. ಒಳ್ಳೆಯ ಕಿವಿರು ಕೆಂಪಗೆ ಒಪ್ಪವಾಗಿರುತ್ತದೆ. ಕಿವಿರು ಬಿಳಿಚಿಕೊಂಡಿದ್ದರೆ, ಊದಿದ್ದರೆ, ಲೋಳೆ ಗಟ್ಟಿಯಾಗಿ ಮೆತ್ತಿದ್ದರೆ ಗುರುತು ಹಾಕಿಕೊಳ್ಳಿ. ಶಾಲೆಯ ಹುಡುಗರಲ್ಲಿ ಭೂತಗನ್ನಡಿ ಇದ್ದರೆ ಕೇಳಿ ತನ್ನಿ, ಬಹಳ ಉಪಯೋಗವಾಗುತ್ತದೆ.

ಹತ್ತು ಮೀನಿನಲ್ಲಿ ಎಷ್ಟಕ್ಕೆ ಹುಳು ಹತ್ತಿದೆ, ಒಂದೊಂದರ ಮೇಲೆ ಎಷ್ಟಿವೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮದ್ದು ಕೊಟ್ಟ ಮೇಲೆ ಮತ್ತೆ ಎಣಿಸಿದಾಗ ಗುಣ ಕಂಡಿತೇ ಇಲ್ಲವೇ ಎಂಬುದು ಈ ಚೀಟಿಯಿಂದ ಮಾತ್ರ ತಿಳಿಯುತ್ತದೆ.

ಕಣ್ಣಿಗೆ ಕಾಣುವ ಇಬ್ಬರು ಶತ್ರುಗಳು

ಮೊದಲನೆಯವನು ಮೀನುಹೇನು. ವಿಜ್ಞಾನಿಗಳು ಇದನ್ನು ಆರ್ಗ್ಯುಲಸ್ ಎನ್ನುತ್ತಾರೆ. ತೊಗರಿಬೇಳೆಯಷ್ಟು ಅಗಲ, ಕಾಗದದಂತೆ ಚಪ್ಪಟೆ, ಒಳಗೆ ಕಾಣುವಷ್ಟು ತೆಳು, ಎರಡು ಕರಿಯ ಕಣ್ಣು. ಹೊಟ್ಟೆಯ ಕಡೆ ಎರಡು ಹೀರುಬಟ್ಟಲುಗಳಿಂದ ಮೀನಿಗೆ ಅಂಟಿಕೊಂಡು, ಸೂಜಿಯಂಥ ಮೊನೆಯಿಂದ ಚುಚ್ಚಿ ರಕ್ತ ಹೀರುತ್ತದೆ. ಬೆರಳಿನಿಂದ ತಳ್ಳಿದರೆ ಹುರುಪೆಯ ಮೇಲೆ ಸರ್ರನೆ ಜಾರುತ್ತದೆ. ಹುರುಪೆ ಜಾರುವುದಿಲ್ಲ, ಹೇನು ಜಾರುತ್ತದೆ. ಗುರುತು ಹಿಡಿಯಲು ಇಷ್ಟು ಸಾಕು. ರೋಹು ಮೀನಿಗೆ ಇದು ವಿಶೇಷವಾಗಿ ಹತ್ತುತ್ತದೆ. ಕಚ್ಚಿದ ಜಾಗ ಕೆಂಪಾಗಿ, ಹುಣ್ಣಾಗಿ, ಅದರಲ್ಲಿ ಬೇರೆ ರೋಗಾಣುಗಳು ಸೇರಿ ಮೀನು ಸೊರಗುತ್ತದೆ.

ಈ ಹೇನಿನ ಗುಟ್ಟು ಅದರ ಮೊಟ್ಟೆಯಲ್ಲಿದೆ. ದನದ ಉಣ್ಣೆ ಮೊಟ್ಟೆಯಿಡಲು ನೆಲಕ್ಕೆ ಉದುರುವಂತೆ, ಹೆಣ್ಣು ಹೇನು ಮೀನನ್ನು ಬಿಟ್ಟು ಈಜಿಹೋಗಿ ಕಲ್ಲು, ಕಡ್ಡಿ, ಗಳ, ಕಳೆಗಿಡ ಹೀಗೆ ಗಟ್ಟಿಯಾದದ್ದು ಸಿಕ್ಕಲ್ಲಿ ಮೊಟ್ಟೆಗಳನ್ನು ಸಾಲುಸಾಲಾಗಿ ಅಂಟಿಸುತ್ತದೆ. ನಮ್ಮ ಬೆಚ್ಚಗಿನ ನೀರಿನಲ್ಲಿ ಅವು ಒಡೆಯಲು ಎರಡು ವಾರದ ಆಸುಪಾಸು ಬೇಕು. ನೀರು ತಣ್ಣಗಿದ್ದರೆ ಇನ್ನೂ ಹೆಚ್ಚು. ಮೀನಿನ ಮೇಲಿನ ಹೇನನ್ನು ಕೊಲ್ಲುವ ಮದ್ದು ಈ ಮೊಟ್ಟೆಗಳಿಗೆ ತಾಗುವುದಿಲ್ಲ. ಇಂದು ಮದ್ದು ಹಾಕಿ ಗೆದ್ದೆವೆಂದುಕೊಂಡವನ ಹೊಂಡದಲ್ಲಿ ಇಪ್ಪತ್ತು ದಿನಕ್ಕೆ ಮತ್ತೆ ಹೇನು ಕಾಣುವುದು ಇದೇ ಕಾರಣದಿಂದ.

ಆದರೆ ಅದರ ಈ ಅಭ್ಯಾಸವನ್ನೇ ನಾವು ಅದಕ್ಕೆ ಬಲೆಯಾಗಿ ಮಾಡಬಹುದು. ಹೊಂಡದಲ್ಲಿ ಅಲ್ಲಲ್ಲಿ ಬಿದಿರಿನ ಗಳಗಳನ್ನೋ ಬಿದಿರು ತಟ್ಟಿಗಳನ್ನೋ ನಿಲ್ಲಿಸಿ. ಹೇನು ಅಲ್ಲಿಗೆ ಬಂದು ಮೊಟ್ಟೆಯಿಡುತ್ತದೆ. ವಾರಕ್ಕೊಮ್ಮೆ, ತಪ್ಪದೆ ಅದೇ ವಾರದ ದಿನ, ಅವುಗಳನ್ನು ಮೇಲೆತ್ತಿ ದಡದಿಂದ ದೂರ ಬಿಸಿಲಿನಲ್ಲಿ ಒಣಗಿಸಿ. ಮೊಟ್ಟೆ ಒಣಗಿ ಸಾಯುತ್ತದೆ. ಎರಡು ಜೊತೆ ತಟ್ಟಿ ಇದ್ದರೆ ಒಂದು ನೀರಿನಲ್ಲಿ, ಒಂದು ಬಿಸಿಲಿನಲ್ಲಿ. ಮೊಟ್ಟೆ ಒಡೆಯಲು ಎರಡು ವಾರ, ನಾವು ತೆಗೆಯುವುದು ಒಂದು ವಾರಕ್ಕೆ; ಲೆಕ್ಕ ನಮ್ಮ ಕಡೆಗಿದೆ. ಆದರೆ ಒಂದು ಎಚ್ಚರಿಕೆ. ತಟ್ಟಿ ಇಟ್ಟು ಮರೆತವನು ಹೇನಿಗೆ ಹೆರಿಗೆ ಮನೆ ಕಟ್ಟಿಕೊಟ್ಟಂತಾಗುತ್ತದೆ. ತೆಗೆಯಲು ಆಗದಿದ್ದರೆ ಇಡಲೇಬೇಡಿ. ಹೊಂಡದಲ್ಲಿ ಬಿದ್ದ ಬೇಡದ ಕಡ್ಡಿ, ಕೊಂಬೆ, ಕಳೆಗಳನ್ನೂ ತೆಗೆದುಹಾಕಿ. ಇಲ್ಲವಾದರೆ ಅವೂ ಮೊಟ್ಟೆಯ ಜಾಗಗಳೇ.

ಎರಡನೆಯವನು ಲಂಗರು ಹುಳು, ಲರ್ನಿಯಾ. ಇದು ಮೀನಿನ ಮೈಯಿಂದ ನೇತಾಡುವ ಒಂದು ಸಣ್ಣ ದಾರದ ತುಂಡಿನಂತೆ ಕಾಣುತ್ತದೆ. ತುದಿಯಲ್ಲಿ ಎರಡು ಸಣ್ಣ ಚೀಲ; ಅವೇ ಮೊಟ್ಟೆಯ ಚೀಲಗಳು. ತಲೆ ಹೊರಗಿಲ್ಲ. ಅದು ಲಂಗರಿನಂತೆ ಕವಲೊಡೆದು ಮಾಂಸದೊಳಗೆ ಹೂತುಕೊಂಡಿದೆ. ಬುಡದಲ್ಲಿ ಕೆಂಪು ಹುಣ್ಣು. ಕಾಟ್ಲಾ, ಸಾಮಾನ್ಯ ಗೆಂಡೆ, ಮನೆಯ ಗಾಜಿನ ತೊಟ್ಟಿಯ ಚಿನ್ನದ ಮೀನು, ಎಲ್ಲಕ್ಕೂ ಹತ್ತುತ್ತದೆ. ಮೀನಿಗೆ ನೆಟ್ಟುಕೊಂಡ ದೊಡ್ಡ ಹುಳುವಿಗೆ ಉಪ್ಪು ಮುಂತಾದವು ತಾಗುವುದು ಕಷ್ಟ. ನೀರಿನಲ್ಲಿ ಈಜುವ ಅದರ ಮರಿಗಳಿಗೆ ಮಾತ್ರ ಮದ್ದು ತಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ಅದರ ಒಂದು ತಲೆಮಾರಿಗೆ ಸುಮಾರು ಮೂರು ವಾರ. ಆದುದರಿಂದ ಒಂದು ಸಲ ಮದ್ದು ಕೊಟ್ಟು ಬಿಡುವಂತಿಲ್ಲ. ವಾರ ವಾರವೂ ನೋಡಿ ಮತ್ತೆ ಕೊಡಬೇಕಾಗುತ್ತದೆ. ನಾಲ್ಕಾರು ದೊಡ್ಡ ತಾಯಿಮೀನುಗಳಾದರೆ ಚಿಮಟದಿಂದ ಬುಡದಲ್ಲೇ ಹಿಡಿದು ಮೆಲ್ಲಗೆ ಎಳೆದು ತೆಗೆಯಬಹುದು.

ಕಣ್ಣಿಗೆ ಕಾಣದವರು

ಮೈ ಉಜ್ಜುವುದು ಇದೆ, ಕಿವಿರು ಬಿಳಿಚಿದೆ, ಆದರೆ ಹೇನಿಲ್ಲ, ದಾರವಿಲ್ಲ. ಆಗ ಕಾಣದ ಪರೋಪಜೀವಿಗಳಿರಬಹುದು. ಕಿವಿರಿನಲ್ಲಿ ಕೂರುವ ಡ್ಯಾಕ್ಟಿಲೋಗೈರಸ್, ಚರ್ಮದಲ್ಲಿ ಕೂರುವ ಗೈರೋಡ್ಯಾಕ್ಟಿಲಸ್ ಎಂಬ ಚಪ್ಪಟೆ ಹುಳುಗಳು, ಟ್ರೈಕೋಡೈನಾ ಎಂಬ ಏಕಕೋಶಿ ಜೀವಿ, ಇವುಗಳನ್ನು ಸರಿಯಾಗಿ ಗುರುತಿಸಲು ಸೂಕ್ಷ್ಮದರ್ಶಕವೇ ಬೇಕು. ಇಲ್ಲಿ ಊಹೆ ಕೂಡದು. ಎರಡು ಮೂರು ಮಂಕಾದ ಮೀನುಗಳನ್ನು ಜೀವಂತವಾಗಿ, ಹೊಂಡದ ನೀರು ತುಂಬಿದ ಚೀಲದಲ್ಲಿ ಹಾಕಿಕೊಂಡು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ. ಬೇರೊಂದು ಸೀಸೆಯಲ್ಲಿ ನೀರಿನ ಮಾದರಿಯೂ ಇರಲಿ. ಕೊಳೆತ ಮೀನಿನಿಂದ ಪರೀಕ್ಷೆ ಮಾಡುವವರಿಗೆ ಏನೂ ತಿಳಿಯುವುದಿಲ್ಲ. ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿ ಮೀನುಗಾರಿಕೆ ಸಂಶೋಧನೆಯ ಕೇಂದ್ರಗಳಿವೆ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜು ಇದೆ. ಕೈಯಲ್ಲಿ ಮೊಬೈಲ್ ಫೋನ್ ಇರುವವರು ಕೇಂದ್ರ ಸರಕಾರ 2023ರಲ್ಲಿ ತಂದ "ರಿಪೋರ್ಟ್ ಫಿಶ್ ಡಿಸೀಸ್" ಎಂಬ ಆ್ಯಪ್‌ನ ಮೂಲಕವೂ ರೋಗದ ವಿಷಯ ತಿಳಿಸಬಹುದು.

ಈ ಕಾಣದವರ ಪೈಕಿ ಬಿಳಿಚುಕ್ಕೆ ರೋಗವನ್ನು ಮಾತ್ರ ಕಣ್ಣಿನಿಂದಲೇ ಸಂಶಯಿಸಬಹುದು. ಮೈಯ ಮೇಲೆ ಸಣ್ಣ ರವೆ ಎರಚಿದ ಹಾಗೆ ಬಿಳಿಯ ಚುಕ್ಕೆಗಳು. ಇದನ್ನು ಮನೆಯ ಅಥವಾ ಶಾಲೆಯ ಗಾಜಿನ ತೊಟ್ಟಿಯಲ್ಲಿ ಚೆನ್ನಾಗಿ ನೋಡಬಹುದು. ಒಂದು ಬೆಳಗ್ಗೆ ಚುಕ್ಕೆಗಳು ಮಾಯವಾಗಿರುತ್ತವೆ. ಮಕ್ಕಳು "ಮೀನಿಗೆ ವಾಸಿಯಾಯಿತು" ಎನ್ನುತ್ತಾರೆ. ಕೆಲವು ದಿನ ಕಳೆದರೆ ಹಿಂದಿನದಕ್ಕಿಂತ ಹೆಚ್ಚು ಚುಕ್ಕೆ. ನಡೆದದ್ದೇನು? ಚುಕ್ಕೆಯೊಳಗಿನ ಜೀವಿ ಚರ್ಮದ ಅಡಿಯಲ್ಲಿ ಬೆಳೆದು, ಹೊರಬಿದ್ದು, ತಳಕ್ಕಿಳಿದು, ಕೋಶ ಕಟ್ಟಿಕೊಂಡು ಒಂದು ನೂರಾರು ಆಗುತ್ತದೆ. ಆ ನೂರಾರು ಮರಿಗಳು ಮೀನನ್ನು ಹುಡುಕಿಕೊಂಡು ಮೇಲೇಳುತ್ತವೆ. ಎರಡು ಮೂರು ದಿನದೊಳಗೆ ಮೀನು ಸಿಕ್ಕದಿದ್ದರೆ ಸಾಯುತ್ತವೆ. ಚರ್ಮದೊಳಗಿರುವಾಗ ಯಾವ ನೀರಿನ ಮದ್ದೂ ತಾಗುವುದಿಲ್ಲ; ಈಜುವ ಮರಿಯಾಗಿರುವಾಗ ಮಾತ್ರ ತಾಗುತ್ತದೆ.

ಆದುದರಿಂದ ಗಾಜಿನ ತೊಟ್ಟಿಯವರು ಮಾಡಬೇಕಾದದ್ದು ಇಷ್ಟು. ಲೀಟರಿಗೆ 2ರಿಂದ 3 ಗ್ರಾಂ ಉಪ್ಪನ್ನು ಒಂದೇ ಸಲ ಸುರಿಯದೆ ಒಂದೆರಡು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಕರಗಿಸಿ ಸೇರಿಸಿ, ಹತ್ತು ದಿನ ಹಾಗೆಯೇ ಇಡಿ. ದಿನವೂ ತಳದ ಕಸವನ್ನು ಕೊಳವೆಯಿಂದ ಎಳೆದು ತೆಗೆಯಿರಿ. ಕೋಶಗಳು ಇರುವುದು ಅಲ್ಲೇ. ತೆಗೆದಷ್ಟು ಹೊಸ ನೀರು ಹಾಕುವಾಗ ಆ ನೀರಿಗೂ ಅದೇ ಲೆಕ್ಕದ ಉಪ್ಪು. ಚುಕ್ಕೆ ಹೋಯಿತೆಂದು ಮೂರನೆಯ ದಿನ ನಿಲ್ಲಿಸಕೂಡದು. ಹುರುಪೆಯಿಲ್ಲದ ಮೀನುಗಳಿಗೆ ಉಪ್ಪು ಬೇಗ ತಾಳದು. ಅವು ಇದ್ದರೆ ಕಡಮೆ ಹಾಕಿ ಗಮನಿಸಿ. ಈ ಸಣ್ಣ ತೊಟ್ಟಿ ಕಲಿಸುವ ಪಾಠ ದೊಡ್ಡ ಹೊಂಡಕ್ಕೂ ಸಲ್ಲುತ್ತದೆ: ಶತ್ರು ಮನೆಯಿಂದ ಹೊರಗೆ ಬಂದಾಗ ಹೊಡೆಯಬೇಕು, ಅವನು ಮತ್ತೆ ಮತ್ತೆ ಬರುವುದರಿಂದ ಮತ್ತೆ ಮತ್ತೆ ಹೊಡೆಯಬೇಕು.

ಹುಣ್ಣು ಕಂಡಲ್ಲೆಲ್ಲ ಪರೋಪಜೀವಿಯೇ ಇರಬೇಕೆಂದೂ ಇಲ್ಲ. 1988ರಲ್ಲಿ ಈಶಾನ್ಯ ಭಾರತದ ಕಡೆಯಿಂದ ನಮ್ಮ ದೇಶವನ್ನು ಹೊಕ್ಕ ಹುಣ್ಣುರೋಗ ಒಂದು ಬಗೆಯ ಬೂಷ್ಟಿನಿಂದ ಬರುವಂಥದು. ಆಳವಾದ ಹುಣ್ಣು ಹಲವು ಜಾತಿಯ ಮೀನಿಗೆ, ಕೊರವ ಮೀನಿಗೂ ಸಹ, ಒಟ್ಟಿಗೆ ಕಂಡರೆ ತಡಮಾಡದೆ ಇಲಾಖೆಗೆ ತಿಳಿಸಿ.

ನೀರನ್ನು ಅಳೆಯದೆ ಮದ್ದು ಅಳೆಯಬೇಡಿ

ಈಗ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಕೆಲಸಕ್ಕೆ ಹೊಸದಾಗಿ ಸೇರಿದ ದಿನಗಳಲ್ಲಿ ಒಂದು ಊರಿನ ಐದು ಗುಂಟೆಯ ಹೊಂಡಕ್ಕೆ ಪರ್ಮಾಂಗನೇಟ್ ಲೆಕ್ಕ ಹಾಕಿಕೊಟ್ಟೆ. ಹೊಂಡ ಎಷ್ಟು ಆಳ ಎಂದು ಕೇಳಿದೆ; ಎರಡು ಮೀಟರ್ ಎಂದರು. ಅದು ತೋಡಿಸಿದಾಗಿನ ಆಳ. ಅದು ಮಾರ್ಚ್ ತಿಂಗಳು. ನೀರು ಒಂದು ಮೀಟರಿಗೂ ಕಡಮೆ ಇತ್ತು. ಇಳಿದು ನೋಡಲಿಲ್ಲ. ಮದ್ದು ಇಮ್ಮಡಿಗಿಂತ ಹೆಚ್ಚಾಯಿತು. ಸಂಜೆಯ ಹೊತ್ತಿಗೆ ಮೀನಿನ ಕಿವಿರು ಕಂದಾಗಿ, ಒಂದೊಂದಾಗಿ ದಡಕ್ಕೆ ಬಂದವು. ಆ ಮನೆಯ ತಾಯಿ ನನ್ನನ್ನು ಬಯ್ಯಲಿಲ್ಲ. "ಕೋಲು ಇಳಿಸಿ ನೋಡಬೇಕಾಗಿತ್ತಲ್ಲವೇ ಅಪ್ಪಾ" ಎಂದರು, ಅಷ್ಟೇ. ಆ ಮಾತು ನನ್ನನ್ನು ಈಗಲೂ ಬಿಟ್ಟಿಲ್ಲ. ಅಂದಿನಿಂದ ಕೋಲು ಇಳಿಸದೆ ನಾನು ಯಾರಿಗೂ ಲೆಕ್ಕ ಹೇಳಿಲ್ಲ.

ಲೆಕ್ಕ ಬಹಳ ಸುಲಭ. ಗುರುತು ಹಾಕಿದ ಬಿದಿರು ಗಳವನ್ನು ಹೊಂಡದ ಐದಾರು ಕಡೆ, ದಡದ ಬಳಿಯೂ ನಡುವೆಯೂ, ಇಳಿಸಿ ಆಳ ನೋಡಿ. ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆಯಿರಿ. ನೀರು ನಿಂತ ಜಾಗದ ಉದ್ದಗಲವನ್ನು ಮೀಟರಿನಲ್ಲಿ ಅಳೆಯಿರಿ. ಉದ್ದ, ಅಗಲ, ಆಳ ಮೂರನ್ನೂ ಗುಣಿಸಿದರೆ ಘನ ಮೀಟರ್. ಒಂದು ಘನ ಮೀಟರ್ ಎಂದರೆ 1,000 ಲೀಟರ್. ಇನ್ನೂ ಸುಲಭವಾಗಿ ನೆನಪಿಡಬೇಕಾದರೆ, ಒಂದು ಗುಂಟೆ ಜಾಗದಲ್ಲಿ ಒಂದು ಮೀಟರ್ ಆಳ ನೀರಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರ್.

ಉದಾಹರಣೆಗೆ, 20 ಮೀಟರ್ ಉದ್ದ, 15 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ನೀರು. 20ನ್ನು 15ರಿಂದ ಗುಣಿಸಿದರೆ 300. ಅದನ್ನು ಒಂದೂವರೆಯಿಂದ ಗುಣಿಸಿದರೆ 450 ಘನ ಮೀಟರ್, ಅಂದರೆ ನಾಲ್ಕೂವರೆ ಲಕ್ಷ ಲೀಟರ್. ಸಾವಿರ ಲೀಟರಿಗೆ 2 ಗ್ರಾಂ ಮದ್ದು ಎಂದರೆ 900 ಗ್ರಾಂ. ಈ ಲೆಕ್ಕ ಏಳನೆಯ ತರಗತಿಯ ಮಗುವಿಗೂ ಬರುತ್ತದೆ. ಮನೆಯ ಮಗುವಿನಿಂದಲೇ ಮಾಡಿಸಿ, ನೀವು ಇನ್ನೊಮ್ಮೆ ಮಾಡಿ. ಎರಡೂ ಒಂದೇ ಬಂದರೆ ಮುಂದುವರಿಯಿರಿ.

ನಮ್ಮ ಕೈಯಲ್ಲಿರುವ ಮದ್ದುಗಳು

ಉಪ್ಪು. 100 ಲೀಟರ್ ನೀರಿಗೆ 2 ಕಿಲೋ ಹರಳುಪ್ಪು ಕರಗಿಸಿದರೆ ನೂರಕ್ಕೆ ಎರಡರ ಉಪ್ಪುನೀರು. ಮೀನನ್ನು ಬಲೆಯ ಚೀಲದಲ್ಲೇ ಇಟ್ಟು ಅದರಲ್ಲಿ ಎರಡು ಮೂರು ನಿಮಿಷ ಅದ್ದಿ. ಮೀನು ಮಗ್ಗುಲಾಗತೊಡಗಿದರೆ ಆ ಕ್ಷಣವೇ ತೆಗೆದು ಒಳ್ಳೆಯ ನೀರಿಗೆ ಬಿಡಿ. ಕಾಣದ ಪರೋಪಜೀವಿಗಳಿಗೆ ಇದು ಒಳ್ಳೆಯದು. ಹೇನಿನ ಹಿಡಿತವನ್ನೂ ಕೆಲಮಟ್ಟಿಗೆ ಬಿಡಿಸುತ್ತದೆ. ಮೊದಲು ನಾಲ್ಕು ಮೀನು ಅದ್ದಿ, ಒಂದು ಗಂಟೆ ಕಾದು, ಆಮೇಲೆ ಉಳಿದವನ್ನು ಅದ್ದತಕ್ಕದ್ದು.

ಪೊಟ್ಯಾಸಿಯಂ ಪರ್ಮಾಂಗನೇಟ್. ಹೊಂಡಕ್ಕೆ ಸಾವಿರ ಲೀಟರಿಗೆ 2ರಿಂದ 4 ಗ್ರಾಂ, ಇದನ್ನು ಮೀರಕೂಡದು. ಹರಳುಗಳನ್ನು ಬಕೆಟ್ಟಿನಲ್ಲಿ ಪೂರ್ತಿ ಕರಗಿಸಿ ಹೊಂಡದ ಎಲ್ಲ ಕಡೆಗೂ ಎರಚಬೇಕು. ಕರಗದ ಹರಳು ಮೀನಿನ ಕಿವಿರನ್ನು ಸುಡುತ್ತದೆ. ಮೋಡ ಮುಸುಕಿದ ದಿನ, ಮೀನು ಗುಟುಕರಿಸುತ್ತಿರುವ ದಿನ ಹಾಕಬಾರದು. ಬಿಸಿಲಿನ ದಿನ ಬೆಳಗ್ಗೆ ಹಾಕಿ, ಹೊಸ ನೀರು ಬಿಡುವ ಏರ್ಪಾಡು ಸಿದ್ಧವಾಗಿರಲಿ. ಕೆಸರು, ಗೊಬ್ಬರ ಹೆಚ್ಚಿರುವ ನೀರಿನಲ್ಲಿ ಇದರ ಶಕ್ತಿ ಬೇಗ ಕರಗಿಹೋಗುತ್ತದೆ. ಹಾಗೆಂದು ಕೈಗೆ ಬಂದಷ್ಟು ಕೂಡಿಸಬೇಡಿ. ಹೇನನ್ನು ಇದು ತಕ್ಕಮಟ್ಟಿಗೆ ಇಳಿಸುತ್ತದೆ, ಮೊಟ್ಟೆಯನ್ನು ಮುಟ್ಟುವುದಿಲ್ಲ. ಆದುದರಿಂದ ಮದ್ದೂ ಬಿದಿರು ತಟ್ಟಿಯೂ ಜೊತೆಜೊತೆಯಾಗಿ ನಡೆಯಬೇಕು. ಮೊದಲನೆಯ ಸಲ ಹಾಕುವವರು ಇಲಾಖೆಯವರನ್ನು ಕರೆಸಿಕೊಂಡೇ ಹಾಕಿ.

ಇವಲ್ಲದೆ ಹೇನಿಗೆ ಆಹಾರದಲ್ಲಿ ಬೆರೆಸಿ ಕೊಡುವ ಹೊಸ ಔಷಧಿಗಳ ಮೇಲೂ ಸಂಶೋಧನೆ ನಡೆದಿದೆ. ಅವನ್ನು ಮೀನಿನ ತೂಕಕ್ಕೆ ಮಿಲಿಗ್ರಾಂ ಲೆಕ್ಕದಲ್ಲಿ ಕೊಡಬೇಕಾಗುತ್ತದೆ. ತಜ್ಞರು ಬರೆದುಕೊಡದೆ ಮುಟ್ಟಬೇಡಿ.

ಒಣಗಿಸುವುದು ಮತ್ತು ಸುಣ್ಣ. ಎಲ್ಲಕ್ಕಿಂತ ದೊಡ್ಡ ವೈದ್ಯ ನಮ್ಮ ಬೇಸಿಗೆಯ ಬಿಸಿಲು. ಬೇಸಿಗೆಯಲ್ಲಿ ಪೂರ್ತಿ ಒಣಗಿ ಬಿರುಕು ಬಿಡುವ ಕೆರೆಯಲ್ಲಿ ಹೇನಿನ ಮೊಟ್ಟೆ ಉಳಿಯುವುದಿಲ್ಲ. ವರ್ಷವಿಡೀ ನೀರು ನಿಲ್ಲುವ ಕೃಷಿಹೊಂಡದಲ್ಲಿ ಮಾತ್ರ ಅದು ಒಂದು ಬೆಳೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಮೀನು ಹಿಡಿದು ಮುಗಿದ ಮೇಲೆ ಸಾಧ್ಯವಾದರೆ ಹೊಂಡವನ್ನು ಬರಿದು ಮಾಡಿ ತಳ ಬಿರಿಯುವ ತನಕ ಒಣಗಿಸಿ, ಗುಂಟೆಗೆ 2ರಿಂದ 2.5 ಕಿಲೋ ಸುಣ್ಣ ಎರಚಿ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡವಾದರೆ ಹಾಳೆಯನ್ನು ಉಜ್ಜಿ ತೊಳೆದು ಬಿಸಿಲಿಗೆ ಬಿಡಿ.

ರೋಗ ಬರುವ ದಾರಿಯನ್ನು ಮುಚ್ಚಿ

1957ರ ಜುಲೈ 10ರಂದು ಒರಿಸ್ಸಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಗೆಂಡೆ ಮೀನುಗಳಿಗೆ ಚುಚ್ಚುಮದ್ದು ಕೊಟ್ಟು ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದರು. ಅದಕ್ಕೆ ಮೊದಲು ಈ ಮೀನುಗಳ ಮರಿಗಾಗಿ ನದಿಗಳನ್ನೇ ನಂಬಬೇಕಾಗಿತ್ತು. ಇಂದು ಬೇಕೆಂದಲ್ಲಿಗೆ ಮರಿ ಬರುತ್ತದೆ. ಇದು ನಮ್ಮ ಭಾಗ್ಯ. ಆದರೆ ಮರಿ ಬರುವ ಚೀಲದಲ್ಲಿಯೇ ರೋಗವೂ ಪ್ರಯಾಣ ಮಾಡಬಹುದು. ಹೊಸ ಮರಿ ತಂದಾಗ ಚೀಲವನ್ನು ಹೊಂಡದಲ್ಲಿ ಹದಿನೈದು ಇಪ್ಪತ್ತು ನಿಮಿಷ ತೇಲಿಬಿಟ್ಟು ನೀರಿನ ಬಿಸಿ ಸಮವಾಗುವಂತೆ ಮಾಡಿ. ಕೆಲವು ಮರಿಗಳನ್ನು ಬಿಳಿ ಬೇಸಿನ್ನಿನಲ್ಲಿ ನೋಡಿ. ಹೇನು ಕಂಡರೆ ಬಿಡಬೇಡಿ, ಮಾರಿದವರಿಗೆ ತೋರಿಸಿ. ಚೀಲದ ನೀರನ್ನು ಹೊಂಡಕ್ಕೆ ಸುರಿಯದೆ ದೂರ ನೆಲಕ್ಕೆ ಚೆಲ್ಲಿ.

ನೆರೆಯವರ ಬಲೆಯನ್ನು ಕಡ ತಂದರೆ ಚೆನ್ನಾಗಿ ಒಣಗಿಸಿದ ಮೇಲೆಯೇ ನಿಮ್ಮ ನೀರಿಗೆ ಇಳಿಸಿ. ಗಾಜಿನ ತೊಟ್ಟಿಯ ಬಣ್ಣದ ಮೀನು ಬೇಸರವಾಯಿತೆಂದು, ಕಾಯಿಲೆಯಾಯಿತೆಂದು ಊರ ಕೆರೆಗೆ ಬಿಡುವ ಅಭ್ಯಾಸ ಸರ್ವಥಾ ಕೂಡದು. ಒಂದು ಮನೆಯ ದಯೆ ಊರಿನ ಮೀನಿಗೆ ಮಾರಿಯಾಗುತ್ತದೆ. ಮರಿಗಳನ್ನು ಗುಂಟೆಗೆ 50ರಿಂದ 100ಕ್ಕಿಂತ ಹೆಚ್ಚು ಬಿಡಬೇಡಿ. ಇಕ್ಕಟ್ಟಾದಷ್ಟೂ ಒಂದರ ಹೇನು ಇನ್ನೊಂದಕ್ಕೆ ಹತ್ತುವುದು ಸುಲಭ. ತಿಂಗಳಿಗೊಮ್ಮೆಯಾದರೂ ಬಲೆ ಹಾಕಿ ಹತ್ತು ಮೀನು ನೋಡುವ ಪದ್ಧತಿ ಇಟ್ಟುಕೊಳ್ಳಿ. ಹತ್ತರಲ್ಲಿ ಒಂದಕ್ಕೆ ಹೇನು ಇದ್ದಾಗ ಕೆಲಸ ಹಗುರ. ಹತ್ತಕ್ಕೂ ಹತ್ತಿದ ಮೇಲೆ ಭಾರ.

ಸಭೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳು

ಹೇನು ಹತ್ತಿದ ಮೀನು ತಿಂದರೆ ನಮಗೆ ಹೇನು ಹತ್ತುತ್ತದೆಯೇ ಎಂದು ಒಬ್ಬ ತಾಯಿ ಕೇಳಿದರು. ಇಲ್ಲ. ಅದು ಮನುಷ್ಯನ ಮೈಯಲ್ಲಿ ಬದುಕುವ ಜೀವಿಯಲ್ಲ. ಹೇನು ತೆಗೆದು, ತೊಳೆದು, ಚೆನ್ನಾಗಿ ಬೇಯಿಸಿದ ಮೀನನ್ನು ತಿನ್ನಬಹುದು. ಆದರೆ ಕೊಳೆತ ಹುಣ್ಣಿನ ಮೀನನ್ನೂ ಸತ್ತು ತೇಲಿದ ಮೀನನ್ನೂ ತಿನ್ನಬಾರದು, ಮಾರಲೂಬಾರದು. ಅವನ್ನು ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು.

ಪರ್ಮಾಂಗನೇಟ್ ಹಾಕಿದ ನೀರನ್ನು ದನ ಕುಡಿಯಬಹುದೇ? ಬಣ್ಣ ಪೂರ್ತಿ ಹೋಗುವ ತನಕ ದನಕರುಗಳನ್ನು ಆ ಕಡೆ ಬಿಡಬೇಡಿ. ಮದ್ದು ಕೊಟ್ಟ ಮೀನನ್ನು ಎಷ್ಟು ದಿನ ಕಳೆದು ಮಾರಬೇಕೆಂಬುದನ್ನು, ಮದ್ದು ಬರೆದುಕೊಟ್ಟವರಿಂದಲೇ ಕೇಳಿ ಬರೆಸಿಕೊಳ್ಳಿ.

ಊರ ಕೆರೆ ಎಲ್ಲರದು, ಅಲ್ಲಿ ಹೇನು ಬಿದ್ದರೆ ಯಾರು ನೋಡುವುದು ಎಂದು ಒಬ್ಬ ಹಿರಿಯರು ಕೇಳಿದರು. ದೊಡ್ಡ ಕೆರೆಗೆ ಮದ್ದು ಹಾಕುವುದು ಆಗದ ಮಾತು. ಅಲ್ಲಿ ನಮ್ಮಿಂದ ಆಗುವುದು ಬಿದಿರು ತಟ್ಟಿ ಇಟ್ಟು ವಾರವಾರ ತೆಗೆಯುವುದು, ಒಳ್ಳೆಯ ಮರಿ ಬಿಡುವುದು, ದೊಡ್ಡ ಮೀನನ್ನು ಹೊತ್ತಿಗೆ ಸರಿಯಾಗಿ ಹಿಡಿದು ಇಕ್ಕಟ್ಟು ತಪ್ಪಿಸುವುದು. ಮೀನುಗಾರರ ಸಹಕಾರ ಸಂಘವಿರುವ ಊರಿನಲ್ಲಿ ತಟ್ಟಿ ತೆಗೆಯುವ ಸರದಿಯನ್ನು ಮನೆಮನೆಗೆ ಹಂಚಿಕೊಂಡರೆ ಯಾರಿಗೂ ಭಾರವಾಗದು.

ಬಂಧುಗಳೇ, ನಾಳೆ ಬೆಳಗ್ಗೆ ಊರಿಗೆ ಹೋದ ಮೇಲೆ ಒಂದೇ ಒಂದು ಕೆಲಸ ಮಾಡಿ. ಔಷಧಿ ಕೊಳ್ಳಬೇಡಿ, ಹಣ ಖರ್ಚು ಮಾಡಬೇಡಿ. ಬೀಸುಬಲೆ, ಬಿಳಿಯ ಬೇಸಿನ್, ಗುರುತು ಹಾಕಿದ ಒಂದು ಬಿದಿರು ಗಳ, ಈ ಮೂರನ್ನು ತೆಗೆದುಕೊಂಡು ಹೊಂಡದ ಬಳಿಗೆ ಹೋಗಿ. ಹತ್ತು ಮೀನು ನೋಡಿ, ಐದು ಕಡೆ ಆಳ ಅಳೆಯಿರಿ, ಚೀಟಿಯಲ್ಲಿ ಬರೆದಿಡಿ. ಕಾಯಿಲೆ ಬಂದ ದಿನ ಆ ಚೀಟಿ ನಿಮ್ಮ ಕೈಯಲ್ಲಿದ್ದರೆ ಅರ್ಧ ಚಿಕಿತ್ಸೆ ಮುಗಿದಂತೆಯೇ.

ಎತ್ತಿನ ಮೂತಿ ಮುಟ್ಟಿ ನೋಡುವ ಕೈ ಮೀನಿನ ಕಿವಿರನ್ನೂ ಎತ್ತಿ ನೋಡಲಿ.